ಎಡಗಡೆ ಉಳಿದ ಸ್ವರ

ಚೊಕ್ಕಸಂದ್ರ, ಪೀಣ್ಯ
2 ಫೆಬ್ರವರಿ 2012

ನೀಲಕ್ಕ,

ಮದುವೆಯಾಗಿ ಸಿಂಧನೂರಿಗೆ ಹೋಗುವಾಗ ನೀನು ನನಗೆ ಬಿಟ್ಟುಹೋದ ಕಂಪ್ಯೂಟರ್ ಇನ್ನೂ ಓಡುತ್ತಿದೆ. ಜೊತೆಗೆ ಕೊಟ್ಟಿದ್ದೆಯಲ್ಲ, ಸಾಬೂನು ಡಬ್ಬಿಯಷ್ಟು ದೊಡ್ಡದು, ಹೊರಗಿನಿಂದ ಚುಚ್ಚುವ ಸೌಂಡ್ ಕಾರ್ಡ್, ಅದು ಮಾತ್ರ ನನ್ನ ಪ್ರಾಣ ತಿನ್ನುತ್ತಿದೆ. ಮೈಕು ಚುಚ್ಚಿ ರೆಕಾರ್ಡ್ ಒತ್ತಿದರೆ ಮಾತಿಗಿಂತ ಮೊದಲು ಗುಂಯ್ ಅನ್ನುವ ಸದ್ದು ಬಂದು ಕೂರುತ್ತದೆ. ಅದನ್ನು ಫೋನಿನಲ್ಲಿ ಬಾಯಿಂದ ಅಂದು ತೋರಿಸಿದರೆ ನಿಮ್ಮ ಮನೆಯವರು ನಗುತ್ತಾರೆ. ಅದಕ್ಕೇ ಸಿ.ಡಿ. ಕಳಿಸಿದ್ದೇನೆ. ಆರು ವರ್ಷ ಕ್ಯಾಸೆಟ್ ಸ್ಟುಡಿಯೋದಲ್ಲಿ ಕೂತವಳು ನೀನು. ಕೇಳಿ ಹೇಳು.

ರೆಕಾರ್ಡ್ ಮಾಡುತ್ತಿರುವುದು ನಿನ್ನ ಅವ್ವನ ಸ್ವರವನ್ನು. ಕಾರ್ಖಾನೆಯಲ್ಲಿ ಅವಳು ನಾಲ್ಕು ವರ್ಷ ನಿಂತ, ಕಬ್ಬಿಣಕ್ಕೆ ಹೊಳಪಿನ ಲೇಪ ಹಾಕುವ ಆ ಕ್ರೋಮ್ ತೊಟ್ಟಿಯ ಕಥೆ ನಿನಗೆ ಗೊತ್ತು. ಹೊಗೆ ಎಳೆಯುವ ಫ್ಯಾನನ್ನು ಕರೆಂಟ್ ಉಳಿಸಲು ಆರಿಸುತ್ತಾರೆ, ಸಾಹೇಬರು ತಪಾಸಣೆಗೆ ಬಂದ ದಿನ ಹಾಕುತ್ತಾರೆ. ತೊಟ್ಟಿಯ ಮುಂದೆ ಹೆಂಗಸರೇ ಇಲ್ಲವೆಂದು ಮ್ಯಾನೇಜರ್ ಹೇಳುತ್ತಾನೆ. ಅವನ ಲೆಕ್ಕದಲ್ಲಿ ಅವರೆಲ್ಲ ಕಸ ಗುಡಿಸುವವರು. ಹದಿನೇಳನೇ ತಾರೀಖು ಶಿಫ್ಟ್ ಬಿಡುವ ಹೊತ್ತಿಗೆ ನಮ್ಮ ಸಂಘದಿಂದ ಗೇಟಿನ ಮುಂದೆ ಸಭೆ ಇಟ್ಟಿದ್ದೇವೆ. ದುಡಿಯುವವರ ಗಂಟಲಿನಿಂದ ಬಂದ ಸತ್ಯವನ್ನು ಯಾವ ಮಾಲೀಕನೂ ಅಳಿಸಲಾರ. ಅಂದು ಅವಳ ಸ್ವರ ಹಾರ್ನ್ ಸ್ಪೀಕರಿನಲ್ಲಿ ಮೊಳಗಬೇಕು. ಖುದ್ದಾಗಿ ಬಂದು ಮಾತಾಡಬಾರದೇಕೆ ಎಂದು ಕೇಳಬೇಡ. ರೆಕಾರ್ಡೇ ಆಗಬೇಕು, ಈಗಲೇ ಆಗಬೇಕು. ಈ ತಿಂಗಳು ತಪ್ಪಿದರೆ ಮತ್ತೆ ಆಗುವುದಿಲ್ಲ.

ಅವ್ವ ಚೆನ್ನಾಗಿದ್ದಾಳೆ. ಸ್ವಲ್ಪ ಶೀತ. ಫೋನ್ ಎತ್ತದಿದ್ದರೆ ತಪ್ಪು ತಿಳಿಯಬೇಡ ಎಂದು ಹೇಳಲು ಹೇಳಿದ್ದಾಳೆ.

ನಿನ್ನ ತಮ್ಮನಂಥವ,
ಬಸಲಿಂಗ


ಸಿಂಧನೂರು
6 ಫೆಬ್ರವರಿ 2012

ಬಸೂ,

ಪತ್ರ ಬರೆಯುತ್ತೀಯೋ ಕರಪತ್ರ ಹಂಚುತ್ತೀಯೋ? ಸೌಂಡ್ ಕಾರ್ಡ್ ಕೆಟ್ಟಿದೆ ಎನ್ನಲು ಇಷ್ಟು ಘೋಷಣೆ ಬೇಕಿರಲಿಲ್ಲ.

ಕೇಳಿದೆ. ಗುಂಯ್ ಅನ್ನುವುದು ಅರ್ತಿಂಗ್ ಇಲ್ಲದ್ದಕ್ಕೆ. ನಮ್ಮ ವಠಾರದ ಓನರ್ ವೆಂಕಟೇಶಪ್ಪ ಮೂರು ತೂತಿನ ಸಾಕೆಟ್ ಹಾಕಿಸಿದ್ದಾನೆ, ಮೂರನೆಯದಕ್ಕೆ ವೈರೇ ಎಳೆಸಿಲ್ಲ. ಅವನ ಬೋರ್‌ವೆಲ್ ಮೋಟರು ಓಡುವಾಗಂತೂ ರೆಕಾರ್ಡ್ ಮಾಡಲೇಬೇಡ. ಮೈಕಿನ ವೈರು ಕರೆಂಟ್ ವೈರಿನ ಜೊತೆ ಮಲಗಿರಬಾರದು. ಕಾರ್ಡನ್ನು ಕಂಪ್ಯೂಟರಿನ ಮುಂದಿನ ತೂತಿಗೆ ಬೇಡ, ಹಿಂದಿನದಕ್ಕೆ ಚುಚ್ಚು. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಯಾವ ಮೈಕಿನಿಂದ ತೆಗೆದುಕೊಳ್ಳಬೇಕೆಂದು ಕೇಳುವ ಕಡೆ ಈ ಕಾರ್ಡಿನ ಹೆಸರೇ ಇದೆಯೋ ನೋಡು.

ಅದಕ್ಕಿಂತ ದೊಡ್ಡ ದೋಷ ಬೇರೆ ಇದೆ. ಅವ್ವನ ಸ್ವರ ಒಡೆಯುತ್ತಿದೆ, ಹರಿದ ಸ್ಪೀಕರಿನಲ್ಲಿ ಬಂದ ಹಾಗೆ. ಗೇನ್ ಗುಂಡಿಯನ್ನು ಪೂರ್ತಿ ತಿರುಗಿಸಿ ಕೂತಿದ್ದೀಯ, ಅಲ್ಲವೇ? ಸ್ವರ ಒಳಗೆ ಬರುವಷ್ಟು ಬಂದರೆ ಸಾಕು, ಅದನ್ನು ಎಳೆದು ತರಬಾರದು. ಅರ್ಧಕ್ಕೆ ಇಳಿಸು. ಮೈಕನ್ನು ಬಾಯಿಯಿಂದ ಒಂದು ಗೇಣು ದೂರವಿಡು. ಇನ್ನೊಂದು ಏನೋ ವಿಚಿತ್ರವೂ ಇದೆ. ಹೆಡ್‌ಫೋನಿನಲ್ಲಿ ಕೇಳಿದರೆ ಸ್ವರ ತಲೆಯ ನಡುವೆ ನಿಲ್ಲುವುದಿಲ್ಲ, ಎರಡು ಕಿವಿಗಳ ಆಚೆ ನಿಂತ ಹಾಗಿದೆ. ಅದನ್ನು ಆಮೇಲೆ ನೋಡೋಣ, ಮೊದಲು ಒಡೆಯುವುದು ನಿಲ್ಲಲಿ.

ಶೀತವಂತೆ. ನಿನಗೆ ಹೇಳಿಕೊಟ್ಟ ಮಾತು ಅದು, ನನಗೆ ಗೊತ್ತು. ಅವ್ವನಿಗೆ ನನ್ನ ಮೇಲೆ ಸಿಟ್ಟು. ಯಾಕೆಂದು ಅವಳೇ ಹೇಳಬೇಕು. ಏಳನೇ ತಿಂಗಳ ಕುಬಸಕ್ಕೆ ಬರಲಿಲ್ಲ. ಹಸಿರು ಸೀರೆ ಉಟ್ಟು ಕೂತವಳು ನಾನು ಬಾಗಿಲು ನೋಡಿದ್ದೇ ನೋಡಿದ್ದು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗದವರು ಯಾರಾದರೂ ಉಂಟೇ? ಕೊನೆಯ ಸಲ ಫೋನಿನಲ್ಲಿ ಸಿಕ್ಕಾಗ, ಬರಲೇನವ್ವಾ ಎಂದು ಕೇಳಿದೆ. ಪಿಸುಗುಟ್ಟಿದ ಹಾಗೆ, ‘ಬ್ಯಾಡ’ ಅಂದು ಇಟ್ಟುಬಿಟ್ಟಳು. ನಮ್ಮ ಅತ್ತೆ ಎದುರಿಗೇ ಕೂತಿದ್ದರು. ಆಮೇಲೆ ಅವರು ಎದ್ದು ಒಳಗೆ ಹೋದರು, ಅದೇ ಹೆಚ್ಚಾಯಿತು.

ನಿಮ್ಮ ಸಂಘಕ್ಕೆ ಸಿಗುವ ಸ್ವರ ಮಗಳಿಗೆ ಸಿಗುವುದಿಲ್ಲ. ಇರಲಿ. ನನಗಂತೂ ಈಗ ಬಸ್ ಹತ್ತುವ ಹಾಗಿಲ್ಲ, ನಡುವೆ ಒಮ್ಮೆ ರಕ್ತ ಕಂಡು ಡಾಕ್ಟರು ಮಲಗಿಸಿಬಿಟ್ಟಿದ್ದಾರೆ. ಮಾರ್ಚ್ ಕೊನೆಯವರೆಗೆ ಈ ಮಂಚವೇ ಗತಿ. ಇದನ್ನು ಅವ್ವನಿಗೆ ಹೇಳಬೇಡ.

ನೀಲಾಂಬಿಕಾ


ಚೊಕ್ಕಸಂದ್ರ
9 ಫೆಬ್ರವರಿ 2012

ನೀಲಕ್ಕ,

ಗುಂಯ್ ಮುಕ್ಕಾಲು ಪಾಲು ಹೋಯಿತು. ಅರ್ತಿಂಗ್ ಕೇಳಲು ಹೋದರೆ ವೆಂಕಟೇಶಪ್ಪ, ‘ಏನ್ ಗುರು, ರೂಮಲ್ಲಿ ರೇಡಿಯೋ ಸ್ಟೇಷನ್ ಇಟ್ಬಿಟ್ಟಿದ್ದೀಯಂತೆ, ನಮ್ ಹಳೇ ಹಾಡು ಒಂದು ಹಾಕಪ್ಪ’ ಅಂದ. ಒಂದು ಕಾಲದಲ್ಲಿ ಈ ಜಾಗದಲ್ಲಿ ರಾಗಿ ಬೆಳೆದವನು, ಈಗ ಮನುಷ್ಯರನ್ನು ಸಾಲಾಗಿ ನೆಟ್ಟಿದ್ದಾನೆ. ಕೊನೆಗೆ ನಾನೇ ನಲ್ಲಿಯ ಕಬ್ಬಿಣದ ಪೈಪಿಗೆ ವೈರು ಕಟ್ಟಿದೆ. ಅವನ ಮೋಟರು ನಿಲ್ಲುವುದನ್ನು ಕಾದು, ಬೆಳಗಿನ ಶಿಫ್ಟಿಗೆ ಮೊದಲು ರೆಕಾರ್ಡ್ ಮಾಡುತ್ತಿದ್ದೇವೆ.

ಕೇಬಲ್ಲಿನ ವಿಷಯ ನಿನಗೆ ಹೇಳಿರಲಿಲ್ಲ. ಮೈಕು ಶಾಮಿಯಾನದವರದ್ದು. ಅದನ್ನು ಕಾರ್ಡಿಗೆ ಸೇರಿಸಲು ಎಸ್.ಪಿ. ರೋಡಿನಲ್ಲಿ ಪಿನ್ ಬೆಸುಗೆ ಹಾಕಿಸಿದೆ. ಅಂಗಡಿಯವನು ಒಂದು ಮೈಕಿಗೆ ಮೋನೋ ಪಿನ್ ಸಾಕು ಅಂದ. ನನಗೆ ರೇಗಿತು. ಕೂಲಿ ಜನರಿಗೆ ಯಾವಾಗಲೂ ಅರ್ಧವೇ ಸಾಕೇ? ಅರ್ಧ ಊಟ, ಅರ್ಧ ರಜೆ, ಅರ್ಧ ಸ್ವರ. ಎರಡೂ ಕಿವಿಗೆ ಬರಬೇಕು, ಸ್ಟೀರಿಯೋ ಪಿನ್ನನ್ನೇ ಹಾಕು ಎಂದು ಜಗಳವಾಡಿ ಹಾಕಿಸಿದೆ. ಈಗ ಎರಡೂ ಕಿವಿಗೆ ಸಮನಾಗಿ ಬರುತ್ತಿದೆ. ನಿನ್ನ ಅವ್ವನ ಸ್ವರ ಅಷ್ಟಕ್ಕಾದರೂ ಅರ್ಹ.

ಆದರೆ ಅವಳನ್ನು ದಾರಿಗೆ ತರುವುದೇ ಕಷ್ಟ. ತೊಟ್ಟಿಯ ಬಗ್ಗೆ ಹೇಳು ದೊಡ್ಡವ್ವಾ ಅಂದರೆ ಎರಡು ಮಾತು ಹೇಳಿ ಬಾಣಂತನಕ್ಕೆ ಹೊರಳುತ್ತಾಳೆ. ಅಂಟಿನುಂಡಿಗೆ ಬೆಲ್ಲ ಎಷ್ಟು, ಕೂಸಿಗೆ ಎಣ್ಣೆ ಹಚ್ಚುವಾಗ ಕೈ ಎಷ್ಟು ಬೆಚ್ಚಗಿರಬೇಕು. ಇದು ಹೋರಾಟದ ದಾಖಲೆ, ಅಡುಗೆ ಕಾರ್ಯಕ್ರಮವಲ್ಲ ಅಂದೆ. ‘ನೀ ಒತ್ತೋದು ಒತ್ತು, ನಾ ಆಡೋದು ಆಡತೀನಿ’ ಅಂದಳು. ಸಭೆಗೆ ಬೇಡದ್ದನ್ನು ಆಮೇಲೆ ಕತ್ತರಿಸುತ್ತೇನೆ. ಹೊಸ ಸಿ.ಡಿ. ಇಟ್ಟಿದ್ದೇನೆ.

ಗೇನ್ ಅರ್ಧಕ್ಕೆ ಇಳಿಸಿದರೂ, ಅದಕ್ಕಿಂತ ಇಳಿಸಿದರೂ ಸ್ವರ ಒಡೆಯುವುದು ನಿಂತಿಲ್ಲ. ಅದು ಕಾರ್ಡಿನ ದೋಷವೇ ಇರಬೇಕು. ಕಾರ್ಡಿನದ್ದೇ. ಹಾಗಾಗಿ ಆ ಬಗ್ಗೆ ಹೆಚ್ಚು ಯೋಚಿಸಬೇಡ. ಹಾರ್ನಿನಲ್ಲಿ ಜೋರಾಗಿ ಕೇಳಲು ಏನು ಮಾಡಬೇಕು ಅಷ್ಟು ಹೇಳು, ಬೇಗ ಹೇಳು.

ಬಸಲಿಂಗ


ಸಿಂಧನೂರು
13 ಫೆಬ್ರವರಿ 2012

ಬಸಲಿಂಗ,

ಸಿ.ಡಿ. ಬಂದಾಗಿನಿಂದ ಕೇಳುತ್ತಲೇ ಇದ್ದೇನೆ. ಸ್ಟುಡಿಯೋದಲ್ಲಿ ನಮ್ಮ ಕೆಲಸದ ಕ್ರಮ ಒಂದೇ ಇತ್ತು. ದೋಷ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಒಂದೊಂದನ್ನೇ ಬದಲಿಸಿ ನೋಡಬೇಕು. ಮೈಕು ಬದಲಿಸು, ವೈರು ಬದಲಿಸು, ಕಾರ್ಡು ಬದಲಿಸು. ಯಾವುದನ್ನು ಬದಲಿಸಿದಾಗ ದೋಷ ಹೋಗುತ್ತದೋ ಅದೇ ಕೆಟ್ಟಿದೆ.

ಸಿ.ಡಿ.ಯಲ್ಲಿ ನೀನೂ ಇದ್ದೀಯ. ಅವ್ವ ಉಂಡಿಯ ಬೆಲ್ಲದ ಬಗ್ಗೆ ಹೇಳುವಾಗ ನೀನು ನಡುವೆ ಬಾಯಿ ಹಾಕಿ ಬೈಯುತ್ತೀಯ. ನಿನ್ನ ಸ್ವರ ಸ್ವಚ್ಛವಾಗಿದೆ. ಅದೇ ಮೈಕು, ಅದೇ ವೈರು, ಅದೇ ಕಾರ್ಡು. ನೀನು ಅವ್ವನಿಗಿಂತ ಜೋರಾಗಿ ಕೂಗಿದರೂ ಎಲ್ಲೂ ಒಡೆದಿಲ್ಲ. ಅವ್ವ ಮಾತಾಡಿದಾಗ ಮಾತ್ರ ಒಡೆಯುತ್ತದೆ. ಮೆಲ್ಲಗೆ ಮಾತಾಡಿದಾಗಲೂ ಒಡೆಯುತ್ತದೆ.

ಕೆಟ್ಟಿರುವುದು ಕಾರ್ಡಲ್ಲ.

ಅವ್ವನಿಗೆ ಏನಾಗಿದೆ?

ನಿನ್ನ ನಂಬರಿಗೆ ಎಷ್ಟೋ ಸಲ ಮಾಡಿದೆ. ಎತ್ತುತ್ತಿಲ್ಲ. ಸತ್ಯ ಅಳಿಸಲಾಗದ್ದು ಎಂದು ಬರೆಯುವವನು ನೀನು. ಬರಿ.

ನೀಲಾಂಬಿಕಾ


ಚೊಕ್ಕಸಂದ್ರ
18 ಫೆಬ್ರವರಿ 2012

ನೀಲಕ್ಕ,

ನಿನ್ನ ಪತ್ರ ಸಭೆಯ ಹಿಂದಿನ ದಿನ ಬಂತು. ಓದಿ ಜೇಬಿನಲ್ಲಿಟ್ಟುಕೊಂಡೆ, ಉತ್ತರ ಬರೆಯುವ ಧೈರ್ಯ ಬರಲಿಲ್ಲ. ಈಗ ಧೈರ್ಯ ಬಂದಿದೆ ಎಂದಲ್ಲ. ಮುಚ್ಚಿಡಲು ಇನ್ನೇನೂ ಉಳಿದಿಲ್ಲ.

ಅವ್ವನಿಗೆ ಗಂಟಲಿನ ಕ್ಯಾನ್ಸರ್. ಇಪ್ಪತ್ತೇಳಕ್ಕೆ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಪ್ರಾಣ ಉಳಿಯಬಹುದು, ಮಾತು ಉಳಿಯುವುದಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದರು. ಹೊಗೆಯಿಂದಲೇ ಆಯಿತು ಎಂದು ಬರೆದುಕೊಡಿ ಅಂದೆ. ಹಾಗೆ ಬರೆಯಲು ಬರುವುದಿಲ್ಲ ಅಂದರು. ಆದ್ದರಿಂದ ಅವಳ ಮಾತು ಬಿಟ್ಟರೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಳು. ‘ಬಸಿರಿ ಅದಾಳ. ಕೂಸು ಕೈಗೆ ಬರಲಿ, ಆಮ್ಯಾಲ ಏನಾರ ಹೇಳು’ ಅಂದಳು. ಕುಬಸದ ದಿನ ನಿನಗೆಂದು ತಂದ ಹಸಿರು ಬಳೆ ಇನ್ನೂ ಟ್ರಂಕಿನಲ್ಲಿವೆ. ಬಂದಿದ್ದರೆ ನೀನು ಮಾತಾಡಿಸುತ್ತಿದ್ದೆ, ಮಾತಾಡಿಸಿದ್ದರೆ ಗೊತ್ತಾಗುತ್ತಿತ್ತು. ಸಿಟ್ಟಲ್ಲ ನೀಲಕ್ಕ.

ಹದಿನೈದರಂದು ಕೊನೆಯ ರೆಕಾರ್ಡಿಂಗ್ ಮಾಡಿದೆವು. ಪೂರ್ತಿ ಹೇಳಿದಳು, ಫ್ಯಾನು, ತೊಟ್ಟಿ, ಮೂಗಿನಿಂದ ರಕ್ತ ಬಂದದ್ದು, ಎಲ್ಲ. ಮುಗಿಯುವಷ್ಟರಲ್ಲಿ ಸ್ವರ ನಿಂತೇ ಹೋಯಿತು. ಅವತ್ತಿನಿಂದ ಬರೀ ಗಾಳಿ ಬರುತ್ತಿದೆ.

ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಪರೀಕ್ಷಿಸಿದೆ. ಸಭೆಗೆ ಬೇಕಾದ ತುಂಡು ಕತ್ತರಿಸಿ ಸಿ.ಡಿ. ಮಾಡಿದೆ. ನಿನ್ನೆ ಶಿಫ್ಟ್ ಬಿಡುವ ಹೊತ್ತಿಗೆ ಆಟೋದ ಮೇಲಿನ ಹಾರ್ನಿಗೆ ಹಾಕಿದೆವು. ನೂರಾರು ಜನ ಊಟದ ಡಬ್ಬಿ ಹಿಡಿದು ಹೊರಗೆ ಬರುತ್ತಿದ್ದರು. ನಾನು ಆಟೋದ ಮೇಲೆ ನಿಂತು, ಕೇಳಿ, ಇದು ರುಕ್ಮವ್ವನ ಸ್ವರ ಅಂದೆ.

ಗುಂಯ್ ಅಂತು. ಬರೀ ಗುಂಯ್. ಅವಳ ಸ್ವರ ಬರಲೇ ಇಲ್ಲ.

ಎಲ್ಲೋ ದೂರದ ಗೋಡೆಯ ಆಚೆ ಯಾರೋ ಉಸಿರಾಡಿದ ಹಾಗೆ ಒಂದಿಷ್ಟು. ಅಷ್ಟೇ. ಸಿ.ಡಿ. ತೆಗೆದು ಒರೆಸಿ ಹಾಕಿದೆ. ಗೇಟಿನ ಸೆಕ್ಯುರಿಟಿಯವನು, ‘ದೆವ್ವ ಮಾತಾಡ್ತಿದೆಯಾ ಗುರು, ನಮಗೂ ಸ್ವಲ್ಪ ಕೇಳಿಸು’ ಅಂದ. ಜನ ನಕ್ಕರು. ನಮ್ಮ ಜನವೇ, ನೀಲಕ್ಕ. ಅವ್ವನ ಪಕ್ಕದ ತೊಟ್ಟಿಯಲ್ಲಿ ನಿಲ್ಲುವ ಸಿದ್ದಮ್ಮನೂ ಸೆರಗು ಬಾಯಿಗಿಟ್ಟುಕೊಂಡು ಹೋದಳು. ಅವ್ವ ಆಟೋದ ಹಿಂದೆ ನಿಂತಿದ್ದಳು. ನನ್ನ ಬದಲು ಬಾಯಿ ತೆರೆಯಲು ನೋಡಿದಳು. ಬರಲಿಲ್ಲ.

ನಾನು ಸೆಕ್ಯುರಿಟಿಯವನ ಕೊರಳಪಟ್ಟಿ ಹಿಡಿದೆ. ಪೊಲೀಸರು ಕರೆದುಕೊಂಡು ಹೋಗಿ ಸಂಜೆಯವರೆಗೆ ಕೂರಿಸಿ ಬಿಟ್ಟರು. ಫೋನು ಅಲ್ಲೇ ಉಳಿಯಿತು.

ಮನೆಗೆ ಬಂದು ಹೆಡ್‌ಫೋನಿನಲ್ಲಿ ಕೇಳಿದರೆ ಅದೇ ಸಿ.ಡಿ.ಯಲ್ಲಿ ಸ್ವರ ಇದೆ. ನನ್ನ ಕಿವಿಗೆ ಇದೆ, ಜಗತ್ತಿಗೆ ಇಲ್ಲ. ಅವರೇ ಏನಾದರೂ ಮಾಡಿರಬಹುದೇ? ಆಂಪ್ಲಿಫೈಯರಿನವನನ್ನು ಕೊಂಡುಕೊಂಡಿರಬಹುದೇ? ಮತ್ತೆ ರೆಕಾರ್ಡ್ ಮಾಡೋಣವೆಂದರೆ ಗಂಟಲೇ ಇಲ್ಲ. ನಾನು ಓದಿದ ಯಾವ ಪುಸ್ತಿಕೆಯಲ್ಲೂ ಇಂಥ ಹೊತ್ತಿಗೆ ಏನು ಮಾಡಬೇಕೆಂದು ಬರೆದಿಲ್ಲ.

ಬೈಯಿ. ಆದರೆ ಏನಾದರೂ ಹೇಳು.

ಬಸಲಿಂಗ


ಸಿಂಧನೂರು
22 ಫೆಬ್ರವರಿ 2012

ಬಸೂ,

ಬೈಯಲು ಈಗ ಹೊತ್ತಿಲ್ಲ. ಬೈಗುಳವನ್ನು ಎತ್ತಿಟ್ಟಿದ್ದೇನೆ, ನಿನ್ನದೇ ಅದು.

ಯಾರನ್ನೂ ಯಾರೂ ಕೊಂಡುಕೊಂಡಿಲ್ಲ. ಆ ಮೈಕು ಒಂದೇ ಸ್ವರವನ್ನು ಎರಡು ತಂತಿಗಳಲ್ಲಿ ಕಳಿಸುತ್ತದೆ, ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ತಲೆಕೆಳಗಾಗಿ. ನೀನು ಜಗಳವಾಡಿ ಹಾಕಿಸಿದ ಸ್ಟೀರಿಯೋ ಪಿನ್ನು ನೆಟ್ಟಗಿನದನ್ನು ಎಡಗಡೆಗೂ, ತಲೆಕೆಳಗಿನದನ್ನು ಬಲಗಡೆಗೂ ಹಾಕಿದೆ. ಹೆಡ್‌ಫೋನಿನಲ್ಲಿ ಎರಡೂ ಬೇರೆಬೇರೆ ಕಿವಿಗೆ ಹೋಗುವುದರಿಂದ ಸ್ವರ ಇದೆ ಅನಿಸುತ್ತದೆ. ಹಾರ್ನಿಗೆ ಇರುವುದು ಒಂದೇ ಬಾಯಿ. ಅಲ್ಲಿ ಎರಡೂ ಕೂಡಿದ ಕೂಡಲೇ ಒಂದನ್ನೊಂದು ಹೊಡೆದುಹಾಕುತ್ತವೆ. ವೈರಿಗೆ ಹೊರಗಿನಿಂದ ಅಂಟಿದ ಗುಂಯ್ ಮಾತ್ರ ಎರಡೂ ಕಡೆ ಒಂದೇ ಥರ ಇರುತ್ತದೆ. ಅದಕ್ಕೇ ಅದು ಉಳಿಯಿತು.

ಅವ್ವನ ಸ್ವರ ಎಲ್ಲಿಗೂ ಹೋಗಿಲ್ಲ. ಸಾಫ್ಟ್‌ವೇರಿನಲ್ಲಿ ರೆಕಾರ್ಡಿಂಗನ್ನು ತೆರೆ. ಎಡ, ಬಲ ಎರಡು ಪಟ್ಟಿ ಕಾಣುತ್ತವೆ. ಅವನ್ನು ಬೇರೆ ಮಾಡು. ಬಲಗಡೆಯದನ್ನು ಪೂರ್ತಿ ಅಳಿಸು. ಹಿಂಜರಿಯಬೇಡ. ಉಳಿದ ಎಡಗಡೆಯದನ್ನು ಮೋನೋ ಮಾಡಿ ಹೊಸ ಸಿ.ಡಿ.ಗೆ ಹಾಕು. ಅರ್ಧ ಬಿಟ್ಟರೇ ಪೂರ್ತಿ ಸಿಗುವುದು. ಈ ಸಲ ಹೆಡ್‌ಫೋನಿನಲ್ಲಿ ಅಲ್ಲ, ಹಾರ್ನಿನಲ್ಲೇ ಹಾಕಿ ಪರೀಕ್ಷಿಸು.

ಸ್ವರ ಕಿವಿಯ ಆಚೆ ನಿಂತಿದೆ ಎಂದು ಮೊದಲ ಸಿ.ಡಿ.ಯಲ್ಲೇ ನನಗೆ ಕೇಳಿಸಿತ್ತು. ಪಿನ್ನಿನ ವಿಷಯವನ್ನೂ ನೀನು ಬರೆದಿದ್ದೆ. ಬೇರೆ ದಿನವಾಗಿದ್ದರೆ ಆ ಸಾಲು ಓದಿದ ಕೂಡಲೇ ಹಿಡಿಯುತ್ತಿದ್ದೆ. ಅವತ್ತು ನನ್ನ ಕಿವಿಯಲ್ಲಿ ಅವ್ವ ಒಬ್ಬಳೇ ಇದ್ದಳು.

ನಿನ್ನ ಪತ್ರ ಬಂದ ದಿನ ಅವ್ವನ ನಂಬರಿಗೆ ಮಾಡಿದೆ. ಎತ್ತಿದಳು. ಮಾತಾಡಲಿಲ್ಲ. ಉಸಿರು ಕೇಳಿಸಿತು, ಬಳೆ ಕೇಳಿಸಿತು. ನಾನೇ ಮಾತಾಡಿದೆ. ನನಗೆ ಎಲ್ಲ ಗೊತ್ತಾಗಿದೆ ಅಂದೆ. ಕೂಸು ಒದೆಯುತ್ತದೆ ಅಂದೆ. ಬಳೆ ಸದ್ದು ನಿಂತುಹೋಯಿತು. ಅತ್ತೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು.

ಇನ್ನೊಂದು ಮಾತು. ಬಾಣಂತನದ ಮಾತುಗಳನ್ನು ಕತ್ತರಿಸಬೇಡ. ಅವು ನನ್ನವು.

ನೀಲಾಂಬಿಕಾ


ಆಸ್ಪತ್ರೆಯಿಂದ
2 ಮಾರ್ಚ್ 2012

ನೀಲಕ್ಕ,

ಮೊದಲು ಬೇಕಾದ್ದು ಹೇಳುತ್ತೇನೆ. ಆಪರೇಷನ್ ಆಯಿತು. ಅವ್ವ ಎದ್ದು ಕೂರುತ್ತಾಳೆ. ಕೊರಳಿನಲ್ಲಿ ಒಂದು ತೂತಿದೆ, ಅದರಿಂದ ಉಸಿರಾಡುತ್ತಾಳೆ. ನೋಡಿದರೆ ಹೆದರಿಕೆಯಾಗುತ್ತದೆ. ನಿನಗೆ ಇನ್ನು ಏನನ್ನೂ ಮುಚ್ಚಿಡುವುದಿಲ್ಲ, ಅದಕ್ಕೇ ಬರೆದೆ.

ನಿನ್ನ ಪತ್ರ ಇಪ್ಪತ್ತೈದರ ಬೆಳಿಗ್ಗೆ ಸಿಕ್ಕಿತು. ಬಲಗಡೆಯದನ್ನು ಅಳಿಸಿದೆ. ಅಂಗಡಿಯವನೊಂದಿಗೆ ಆಡಿದ ಮಾತು ನೆನಪಾಗಿ ನಾಚಿಕೆಯಾಯಿತು. ಅವತ್ತೇ ಶಿಫ್ಟ್ ಬಿಡುವ ಹೊತ್ತಿಗೆ ಮತ್ತೆ ಹೋದೆವು, ನಾನು, ಅವ್ವ, ಆಟೋದವನು. ಸಂಘದವರು ಬರಲಿಲ್ಲ. ಒಮ್ಮೆ ನಗೆಪಾಟಲಾದದ್ದು ಸಾಕು ಅಂದರು. ನಾನು ಈ ಸಲ ಭಾಷಣ ಮಾಡಲಿಲ್ಲ. ಸುಮ್ಮನೆ ಒತ್ತಿದೆ.

ಸ್ವರ ಬಂತು. ಒಡೆದ ಸ್ವರವೇ, ಆದರೆ ಗೇಟು ದಾಟಿ ಎದುರಿನ ಶೆಡ್ಡಿನ ತಗಡಿಗೆ ಬಡಿದು ವಾಪಸ್ ಬರುವಷ್ಟು ಜೋರು. ‘ಫ್ಯಾನ್ ಹಚ್ಚಿದ್ರ ಮೀಟರ್ ಓಡತೈತಿ ಅಂತ ಆರಿಸ್ತಿದ್ರು. ಸಾಹೇಬ್ರು ಬಂದ ದಿನ ಅಷ್ಟ ಹಚ್ಚತಿದ್ರು. ನಾವು ಕಸ ಗುಡಸೋರಂತ. ನಾಕು ವರ್ಷ ಆ ತೊಟ್ಟಿ ಮುಂದ ನಿಂತಾಕಿ ನಾನು.’ ಜನ ನಡೆಯುತ್ತಲೇ ಇದ್ದರು. ಕೆಲವರು ತಿರುಗಿ ನೋಡಿದರು. ಯಾರೂ ನಿಲ್ಲಲಿಲ್ಲ. ಸೆಕ್ಯುರಿಟಿಯವನು ಒಳಗೆ ಹೋಗಿ ಜನರೇಟರ್ ಹಾಕಿಸಿದ.

ಕತ್ತರಿಸಬೇಡ ಅಂದಿದ್ದೆಯಲ್ಲ, ಕತ್ತರಿಸಿರಲಿಲ್ಲ. ಅವಸರದಲ್ಲಿ ಪೂರ್ತಿ ರೆಕಾರ್ಡಿಂಗನ್ನೇ ಸಿ.ಡಿ.ಗೆ ಹಾಕಿದ್ದೆ. ತೊಟ್ಟಿಯ ಮಾತು ಮುಗಿದದ್ದೇ, ಉಸಿರು ಎಳೆದುಕೊಂಡು ನಿನ್ನೊಂದಿಗೆ ಶುರು ಮಾಡಿದಳು. ನಿಲ್ಲಿಸಲು ಕೈ ಚಾಚಿದೆ, ಅವ್ವ ನನ್ನ ಕೈ ಹಿಡಿದಳು.

‘ನೀಲಾ, ತಲಿ ಎರಕೊಂಡ ಮ್ಯಾಲ ಲೋಬಾನ ಹಾಕ್ತಾರ. ಹಾಕಿಸ್ಕೊ. ಆದ್ರ ಕಿಟಕಿ ತಗದಿಡು. ಬಾಗಲಾ ಮುಚ್ಚಿ ಹೊಗಿ ಕುಡಸೋರ ಮಾತು ಕೇಳಬ್ಯಾಡ. ಕೂಸಿನ ಗಂಟಲಾ ಎಳೀದು. ಹೊಗಿ ಏನ್ ಮಾಡತೈತಿ ಅನ್ನೋದು ನಿಮ್ಮವ್ವಗ ಗೊತ್ತೈತಿ.’

ಆಗ ಹೆಂಗಸರು ನಿಂತರು. ಹತ್ತು ಹನ್ನೆರಡು ಜನ ಇರಬೇಕು. ಜನರೇಟರಿನ ಸದ್ದಿನಲ್ಲಿ ಕೇಳಿಸದೆ ಹಾರ್ನಿನ ಹತ್ತಿರಕ್ಕೆ ಬಂದರು. ಅಡುಗೆ ಕಾರ್ಯಕ್ರಮ ಎಂದು ನಾನು ಯಾವುದನ್ನು ಹೀಯಾಳಿಸಿದ್ದೆನೋ ಅದನ್ನು ಕೇಳಲು. ಮುಗಿದ ಮೇಲೆ ಸಿದ್ದಮ್ಮ ಅವ್ವನ ಹತ್ತಿರ ಬಂದಳು. ನನಗೇನೂ ಆಗಿಲ್ಲ ಎಂದು ಎರಡು ವರ್ಷದಿಂದ ಹೇಳುತ್ತಿದ್ದವಳು ಎಲ್ಲರ ಮುಂದೆ ತಲೆ ಹಿಂದಕ್ಕೆ ಚೆಲ್ಲಿ ಮೂಗು ತೋರಿಸಿದಳು. ಎರಡು ಹೊಳ್ಳೆಗಳ ನಡುವಿನ ಗೋಡೆ ತೊಟ್ಟಿಯ ಹೊಗೆಗೆ ತೂತಾಗಿದೆ. ‘ನಂದೂ ಇಡ್ಕೊಳಪ್ಪ’ ಅಂದಳು, ‘ನಾನೂ ಯೋಳ್ತೀನಿ.’ ಉಳಿದವರು ಡಬ್ಬಿ ಹಿಡಿದು ಹೊರಟುಹೋದರು. ಒಬ್ಬಳೇ. ನಾನು ಕನಸು ಕಂಡ ನೂರಾರು ಕೈಗಳು ಏಳಲಿಲ್ಲ. ಫ್ಯಾನು ಇವತ್ತಿಗೂ ಆರಿಯೇ ಇದೆಯಂತೆ. ಪಿನ್ನನ್ನು ಮೋನೋಗೆ ಬದಲಿಸಿದ್ದೇನೆ. ಭಾನುವಾರ ಸಿದ್ದಮ್ಮ ಬರುತ್ತಾಳೆ.

ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ಅವ್ವನಿಗೆ ಹೆಡ್‌ಫೋನ್ ಹಾಕಿ ಅವಳ ಸ್ವರ ಕೇಳಿಸಿದೆ. ಮುಖ ಸಿಂಡರಿಸಿ, ಇಷ್ಟು ಕೆಟ್ಟದಾಗಿದೆಯೇ ಎನ್ನುವ ಹಾಗೆ ಕೈ ಆಡಿಸಿದಳು. ಆಮೇಲೆ ಪೂರ್ತಿ ಕೇಳಿದಳು.

ಅವಳಿಗೆ ಬರೆಯಲು ಬರುವುದಿಲ್ಲ. ನರ್ಸು ಸ್ಲೇಟು ತಂದು ಕೊಟ್ಟರೆ ಪಕ್ಕಕ್ಕೆ ಸರಿಸುತ್ತಾಳೆ. ಬಳೆಗಳನ್ನು ಆಪರೇಷನ್ ದಿನವೇ ಬಿಚ್ಚಿಸಿದ್ದಾರೆ. ಈಗ ಚಮಚದಿಂದ ಸ್ಟೀಲ್ ಲೋಟ ಬಡಿಯುತ್ತಾಳೆ. ಹೌದು ಎನ್ನಲು ಒಂದು ಸಲ, ಇಲ್ಲ ಎನ್ನಲು ಎರಡು ಸಲ. ಪೂರ್ತಿ ವಾರ್ಡಿಗೆ ಗೊತ್ತಾಗಿಬಿಟ್ಟಿದೆ. ಮಾತ್ರೆ ಬೇಕಾ ಅಂದರೆ ಎರಡು ಸಲ ಎಷ್ಟು ಜೋರಾಗಿ ಬಡಿಯುತ್ತಾಳೆಂದರೆ ಪಕ್ಕದ ಹಾಸಿಗೆಯವರು ಎದ್ದು ಕೂರುತ್ತಾರೆ.

ಬುಧವಾರ ನಾಲ್ಕು ಗಂಟೆಗೆ ಅವಳ ನಂಬರಿಗೆ ಮಾಡು. ನಾನು ಫೋನನ್ನು ಲೋಟದ ಹತ್ತಿರ ಹಿಡಿಯುತ್ತೇನೆ. ಹೌದು, ಇಲ್ಲ ಎಂದು ಉತ್ತರ ಬರುವಂಥದ್ದನ್ನು ಮಾತ್ರ ಕೇಳು. ನೀನು ಮೊದಲು ಏನು ಕೇಳುತ್ತೀಯೆಂದು ಅವಳಿಗೆ ಗೊತ್ತು. ಕೂಸನ್ನು ಎತ್ತಿಕೊಂಡು ತವರಿಗೆ ಬರಲೇನವ್ವಾ ಎಂದು ಕೇಳುತ್ತೀಯ.

ನಾನು ಇದನ್ನು ಬರೆಯುತ್ತಿರುವಾಗಲೇ ಅಭ್ಯಾಸ ಮಾಡುತ್ತಿದ್ದಾಳೆ. ಒಂದು ಸಲ ಬಡಿದು, ಸದ್ದು ಆರುವ ತನಕ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ಕಾಯುತ್ತಾಳೆ. ಅದನ್ನು ಎರಡು ಬಡಿತವೆಂದು ನೀನು ತಪ್ಪು ಕೇಳಿಸಿಕೊಳ್ಳಬಾರದಂತೆ.

ಬಸಲಿಂಗ